ಸೆಟಲ್ ಆದ ಮೇಲೆ ಒಲೆ

ಮೊನ್ನೆ ಏಳನೇ ತರಗತಿಯ ಇಂಗ್ಲಿಷ್ ಪಾಠದಲ್ಲಿ ‘ಸೆಟಲ್’ ಎಂಬ ಶಬ್ದ ಬಂತು. ಮಟಮಾರಿ ಕಡೆಯ ಈ ಶಾಲೆಗೆ ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ನಿವೃತ್ತಿಗೆ ಇನ್ನು ಮೂರೇ ವರ್ಷ. ಇಷ್ಟು ಕಾಲ ಇಂಗ್ಲಿಷ್ ಕಲಿಸಿದವಳಿಗೆ ಒಂದು ಕ್ರಿಯಾಪದ ಏನು ಭಾರ ಎಂದುಕೊಂಡು ಬೋರ್ಡಿನ ಮೇಲೆ ‘ನೆಲೆಸು, ನೆಲೆಗೊಳ್ಳು’ ಎಂದು ಬರೆದು, ಈಗ ಒಬ್ಬೊಬ್ಬರೂ ಈ ಶಬ್ದ ಬಳಸಿ ಒಂದೊಂದು ಮಾತು ಹೇಳಿ ಎಂದೆ. ಮಕ್ಕಳಿಗೆ ಬೋರ್ಡಿನ ಹಂಗೇ ಬೇಕಿರಲಿಲ್ಲ. ಒಬ್ಬಳ ಸೋದರಮಾವ ಗಂಗಾವತಿಯಲ್ಲಿ ಸೆಟಲ್ ಆಗಿದ್ದ, ಇನ್ನೊಬ್ಬಳ ಅಕ್ಕನ ಮದುವೆ ಸೆಟಲ್ ಆಗಿತ್ತು, ಹಿಂದಿನ ಸಾಲಿನವನಿಗೆ ನಿನ್ನೆಯ ಮಿರ್ಚಿ ತಿಂದು ಹೊಟ್ಟೆ ಇನ್ನೂ ಸೆಟಲ್ ಆಗಿರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು, ನೀವೊಂದು ಹೇಳ್ರಿ ಟೀಚರ್ ಎಂದಳು. ಸೀಮೆಸುಣ್ಣ ಕೈಯಲ್ಲಿ ಹಿಡಿದು ನಿಂತೆ, ಬಾಯಿಗೆ ಏನೂ ಬರಲಿಲ್ಲ. ಗಂಟೆ ಹೊಡೆಯಿತು, ಮಾನ ಉಳಿಯಿತು.

ಆ ಶಬ್ದವನ್ನು ನಮ್ಮ ಮನೆಗೆ ತಂದವನು ಅಪ್ಪ. ಅಪ್ಪ ಅಕ್ಕಿ ಮಿಲ್ಲಿನ ಆಪರೇಟರ್, ಓದಿದ್ದು ಮೂರನೇತ್ತ. ಯಾವುದೋ ಮಿಲ್ಲಿಗೆ ಮಷೀನು ಕೂಡಿಸಲು ಹೈದರಾಬಾದಿನಿಂದ ಬಂದಿದ್ದ ಫಿಟ್ಟರನೊಬ್ಬ ತನ್ನ ಅಣ್ಣತಮ್ಮಂದಿರು ಎಲ್ಲೆಲ್ಲಿ ಸೆಟಲ್ ಆಗಿದ್ದಾರೆಂದು ವಾರವಿಡೀ ಹೇಳಿದ್ದನಂತೆ. ಅಪ್ಪನಿಗೆ ಆ ಮಾತು ಬಹಳ ಹಿಡಿಸಿತು. ಅವತ್ತಿನಿಂದ ನಮ್ಮ ಮನೆಯ ಪ್ರತಿ ಸುಖಕ್ಕೂ ಅದೇ ಬೀಗ. ಗೋಡೆಗೆ ಮೊಳೆ ಹೊಡೆಯುವುದು ಸೆಟಲ್ ಆದ ಮೇಲೆ. ಎಮ್ಮೆ ಕಟ್ಟುವುದು ಸೆಟಲ್ ಆದ ಮೇಲೆ. ನನಗೆ ಉದ್ದ ಲಂಗ, ಅಜ್ಜಿಗೆ ಮಲಗಲು ಹೊಸ ಹೊರಸು, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ, ಎಲ್ಲವೂ ಅದಾದ ಮೇಲೆ. ಅವ್ವ ಮಾತ್ರ ಆ ಇಂಗ್ಲಿಷ್ ಶಬ್ದವನ್ನು ನಾಲಿಗೆಗೆ ಹತ್ತಿಸಿಕೊಳ್ಳಲೇ ಇಲ್ಲ. ನಾನು ಏನಾದರೂ ಬೇಡಿದರೆ, ‘ನಿಮ್ಮಪ್ಪ ಅಂತಾನಲ್ಲ, ಅದಾದ ಮ್ಯಾಲೆ’ ಎನ್ನುತ್ತಿದ್ದಳು, ಅಷ್ಟೇ.

ಅಪ್ಪ ಕೆಟ್ಟ ಕೆಲಸಗಾರನಾಗಿದ್ದರೆ ಬೈಯಲು ನನಗೂ ಸುಲಭವಿತ್ತು. ಅವನ ಕೈಗುಣ ಸುತ್ತಲಿನ ಮಿಲ್ಲುಗಳಿಗೆಲ್ಲ ಗೊತ್ತಿತ್ತು. ಭತ್ತದ ಸಿಪ್ಪೆ ಬಿಡಿಸುವ ಮಷೀನಿನಲ್ಲಿ ಎರಡು ರಬ್ಬರ್ ರೋಲರುಗಳು ಎದುರುಬದುರು ತಿರುಗುತ್ತವೆ. ನಡುವಿನ ಸಂದು ಬಿಗಿಯಾದರೆ ಅಕ್ಕಿ ಮುರಿದು ನುಚ್ಚಾಗುತ್ತದೆ, ಸಡಿಲಾದರೆ ಸಿಪ್ಪೆ ಹಾಗೇ ಉಳಿಯುತ್ತದೆ. ಅಪ್ಪ ಮಿಲ್ಲಿನ ಹೊರಗೆ ಚಹಾ ಕುಡಿಯುತ್ತ ನಿಂತೇ, ಸಪ್ಪಳ ಕೇಳಿ, ಸಂದು ಕೂದಲೆಳೆಯಷ್ಟು ಬಿಗಿಯಾಗಿದೆ ಎಂದು ಹೇಳುತ್ತಿದ್ದ. ಸಾಹುಕಾರರಿಗೆ ಮಾಲು ಬೇಗ ಇಳಿಯಬೇಕು, ಬಿಗಿ ಮಾಡು ಎನ್ನುವರು. ಅಪ್ಪ ಒಲ್ಲೆನೆನ್ನುವನು. ಮೂರನೆಯ ಸಲ ಹೇಳಿಸಿಕೊಂಡ ದಿನ, ‘ನುಚ್ಚು ಮಾಡಾಕ ನಾನ್ಯಾಕ ಬೇಕ್ರಿ, ಬೀಸೋಕಲ್ಲು ತರ್ರಿ’ ಎಂದು ಹೇಳಿ ಹೊರಬೀಳುವನು. ಹೊರಬಿದ್ದ ಆಪರೇಟರನಿಗೆ ಮಿಲ್ಲಿನಿಂದ ಒಂದು ಚೀಲ ನುಚ್ಚು ಕೊಟ್ಟು ಕಳಿಸುವುದು ನಮ್ಮ ಕಡೆಯ ರಿವಾಜು. ಹಾಗಾಗಿ ಹಗಲು ಹೊತ್ತಿನಲ್ಲಿ ಅಪ್ಪನ ಸೈಕಲ್ಲಿನ ಹಿಂದೆ ಚೀಲ ಕಂಡಿತೆಂದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಅಜ್ಜಿ ಎದ್ದು ಪೂಜೆಯ ಜಗಲಿಯ ಮೇಲಿನ ದೇವರನ್ನು ಕೇರುವ ಮರದಲ್ಲಿಟ್ಟು ಕಂಬಳಿ ಮುಚ್ಚುವಳು. ಅವ್ವ ನುಚ್ಚಿನ ಅನ್ನಕ್ಕೆ ಎಸರಿಡುವಳು. ನಮ್ಮ ಪಾಲಿಗೆ ನುಚ್ಚಿನ ಅನ್ನ, ಪುಂಡಿಪಲ್ಯ ಎಂದರೆ ಊರು ಬಿಡುವ ಊಟ. ಇವತ್ತಿಗೂ ಯಾರ ಮನೆಯಲ್ಲಾದರೂ ಬಡಿಸಿದರೆ ನನ್ನ ಕಾಲು ಚಪ್ಪಲಿ ಹುಡುಕುತ್ತದೆ.

ಇದರ ನಡುವೆ ಅವ್ವನದೊಂದು ಹಟವಿತ್ತು. ಅವಳು ಯಾವ ಮನೆಯಲ್ಲೂ ಮಣ್ಣಿನ ಒಲೆ ಹಾಕುತ್ತಿರಲಿಲ್ಲ, ಕೇಳಿದರೆ ಅದೂ ‘ಅದಾದ ಮ್ಯಾಲೆ’. ದೇವದುರ್ಗದ ಗುಡ್ಡದ ಕಡೆಯಿಂದ ಆರಿಸಿ ತಂದ ಮೂರು ಕರಿಗಲ್ಲು ಅವಳ ಬಳಿ ಇದ್ದವು. ಅವನ್ನೇ ಹೂಡಿ ಅಡಿಗೆ ಮಾಡುತ್ತಿದ್ದಳು, ಊರು ಬಿಡುವಾಗ ನೀರು ಸುರಿದು ಆರಿಸಿ ಗೋಣಿಚೀಲದಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಆ ಚೀಲವನ್ನು ಬೇರೆಯವರಿಗೆ ಎತ್ತಲು ಬಿಡುತ್ತಿರಲಿಲ್ಲ. ಒಲೆ ಹಾಕದಿರುವುದಕ್ಕೆ ಅಜ್ಜಿಯ ಕಟ್ಟಳೆಯೂ ಕಾರಣ. ಅಜ್ಜಿ, ಅಂದರೆ ಅಪ್ಪನ ತಾಯಿ, ಕಲ್ಮಲದ ಮಗಳು. ಅವಳ ತವರಿನ ಲೆಕ್ಕದಲ್ಲಿ ಹೊಸ ಒಲೆ ಹಾಕಿ ವಿಭೂತಿ ಹಚ್ಚಿದ ಮನೆಯನ್ನು ಒಂದು ಯುಗಾದಿ ಕಾಣದೆ ಬಿಡಬಾರದು. ಒಲೆಗೂ ಬೇವು ತಿನ್ನಿಸಿಯೇ ಹೊರಡಬೇಕು, ಇಲ್ಲದಿದ್ದರೆ ಮುಂದಿನ ಮನೆಯಲ್ಲಿ ಅನ್ನ ಹುಟ್ಟುವುದಿಲ್ಲ. ಅಪ್ಪ ಸಾಹುಕಾರರಿಗೆ ಹೆದರದವನು ಈ ಮಾತಿಗೆ ಹೆದರುತ್ತಿದ್ದ. ಮೂರು ಕಲ್ಲಿದ್ದರೆ ಯಾವ ತಂಟೆಯೂ ಇಲ್ಲವೆಂದು ಅವನಿಗೂ ಸಮಾಧಾನವಿತ್ತು.

ದೇವದುರ್ಗದಲ್ಲಿ ನಾವು ಇದ್ದದ್ದು ಹಿಟ್ಟಿನ ಗಿರಣಿಯ ಹಿಂದಿನ ಒಂದು ಕೋಣೆಯಲ್ಲಿ. ಗೋಡೆ ಮುಟ್ಟಿದರೆ ಗಿರಣಿ ಓಡುವುದು ಅಂಗೈಗೆ ತಿಳಿಯುತ್ತಿತ್ತು. ನಾನು ಶಾಲೆಯಲ್ಲಿ ಬಾಗಿಲ ಪಕ್ಕದ ಜಾಗವನ್ನೇ ಹಿಡಿಯುತ್ತಿದ್ದೆ, ಪಾಟಿಚೀಲ ಹೆಗಲಿನಿಂದ ಇಳಿಸುತ್ತಿರಲಿಲ್ಲ. ಯಾಕೆಂದು ಮಾಸ್ತರರು ಕೇಳಿದರೆ ಏನು ಹೇಳಲಿ? ಯಾವಾಗ ಕರೆಯುತ್ತಾರೋ ಗೊತ್ತಿಲ್ಲವಲ್ಲ. ಕರೆದದ್ದು ದಸರೆಯ ರಜೆಯಲ್ಲಿ. ಶಾಲೆಗೆ ಬೀಗ, ಟಿ.ಸಿ. ಕೊಡುವವರಿಲ್ಲ. ಆಮೇಲೆ ಬಂದು ಒಯ್ದರಾಯಿತು ಎಂದು ಅಪ್ಪ ಲಾರಿ ಹತ್ತಿಸಿದ. ಮಾನ್ವಿಯ ಶಾಲೆಯಲ್ಲಿ ಟಿ.ಸಿ. ಇಲ್ಲದೆ ತೆಗೆದುಕೊಳ್ಳಲಿಲ್ಲ. ಅಪ್ಪ ದೇವದುರ್ಗಕ್ಕೆ ಹೋಗಿ ಅದನ್ನು ತರುವಷ್ಟರಲ್ಲಿ ವರ್ಷವೇ ಮುಗಿಯಿತು. ಆ ವರ್ಷ ನಾನು ರೊಟ್ಟಿ ತಟ್ಟಿದೆ, ಸೆಗಣಿಯ ಕುಳ್ಳು ತಟ್ಟಿದೆ, ಶಾಲೆಯ ಗಂಟೆ ಬಾರಿಸಿದಾಗಲೆಲ್ಲ ಬಾಗಿಲಿಗೆ ಹೋಗಿ ನಿಂತೆ. ಹೆಣ್ಣಿಗೆ ರೊಟ್ಟಿ ದುಂಡಗೆ ಬಂದರೆ ಪಾಸಾದ ಹಾಗೇ ಎಂದು ಅಜ್ಜಿ ಸಮಾಧಾನ ಹೇಳಿದಳು. ಅವಳಿಗೆ ಕಲ್ಮಲದಲ್ಲಿ ಅಣ್ಣನ ಮೊಮ್ಮಗನೊಬ್ಬ ಕಣ್ಣಿಗೆ ಬಿದ್ದಿದ್ದ, ನನಗಾಗಿ. ಮರುವರ್ಷ ಶಾಲೆಗೆ ಸೇರಿಸುವಾಗ ಅಪ್ಪ ಖಂಡತುಂಡವಾಗಿ ಹೇಳಿದ್ದ: ಏಳನೇತ್ತದ ಪಬ್ಲಿಕ್ ಪರೀಕ್ಷೆ ಬರೆದು ಪಾಸಾದರೆ ಹೈಸ್ಕೂಲು, ಇನ್ನೊಂದು ವರ್ಷ ಹಾಳಾದರೆ ಮನೆ. ಮನೆ ಎಂದರೆ ಕಲ್ಮಲದ ಮನೆ ಎಂದು ನನಗೆ ಅರ್ಥವಾಗಿತ್ತು. ಆ ಹುಡುಗನನ್ನು ಒಮ್ಮೆ ನೋಡಿದ್ದೆ. ಒಳ್ಳೆಯವನೇ. ಆದರೆ ನನಗೆ ಹದಿನಾಲ್ಕು.

ಮಾನ್ವಿಯಲ್ಲಿ ನಮಗೆ ಎರಡು ಕೋಣೆ ಸಿಕ್ಕಿದ್ದವು, ಹಿಂದೆ ಬಯಲು, ಅದರಾಚೆ ಕಾಲುವೆ. ಮಾಘದ ಒಂದು ಮಧ್ಯಾಹ್ನ, ಪರೀಕ್ಷೆಗೆ ಇನ್ನೂ ಎರಡು ತಿಂಗಳಿರುವಾಗ, ಸೈಕಲ್ಲು ಬಂದ ಸಪ್ಪಳವಾಯಿತು. ನಾನು ಊಟಕ್ಕೆ ಶಾಲೆಯಿಂದ ಬಂದಿದ್ದೆ, ಅವ್ವ ರೊಟ್ಟಿ ತಟ್ಟುತ್ತಿದ್ದಳು, ಅಜ್ಜಿ ಮಠಕ್ಕೆ ಪುರಾಣ ಕೇಳಲು ಹೋಗಿದ್ದಳು. ಅಪ್ಪ ನುಚ್ಚಿನ ಚೀಲವನ್ನು ಬಾಗಿಲ ಒಳಗೆ ಇಳಿಸಿದ. ರಾಯಚೂರಿನ ಮಿಲ್ಲಿನವರೊಡನೆ ಮಾತಾಗಿದೆ, ನಾಡಿದ್ದು ಲಾರಿ ಬರುತ್ತದೆ, ಈ ಸಲ ಅಲ್ಲಿ ಸೆಟಲ್ ಆಗುವುದೇ ಎಂದ. ಮುಖದಲ್ಲಿ ಸಂತೋಷವಿತ್ತು, ಅದೇ ನನಗೆ ಹೆಚ್ಚು ಉರಿಯಿತು. ನನ್ನ ಪರೀಕ್ಷೆ ಏನಾಗಬೇಕು ಎಂದು ಕೇಳಿದೆ. ಮುಂದಿನ ವರ್ಷ ಬರೆದರಾಯಿತು ಎಂದು ಹೇಳಿ, ಕೈಕಾಲು ತೊಳೆದು, ಲಾರಿಯವನನ್ನು ಕಾಣಲು ಹೊರಟೇಹೋದ. ನಾನು ತಟ್ಟೆ ಸರಿಸಿ ಎದ್ದೆ. ಅವ್ವ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು, ಬೇಯಿಸಿದಳು, ತೆಗೆದಿಟ್ಟಳು. ಉರಿಯುವ ಕಟ್ಟಿಗೆ ಹಿಂದಕ್ಕೆ ಎಳೆದು ನೀರು ಸುರಿದಳು. ಹೊಗೆಯ ನಡುವಿನಿಂದ ಅವಳ ಮಾತು ಬಂತು.

‘ಅಮರಿ, ಬುಟ್ಟಿ ತೊಗೊ. ಕಾಲುವಿ ದಂಡಿಗೆ ಹೋಗಿ ಅಂಟುಮಣ್ಣು ತಾ.’

‘ಯಾಕ?’

‘ಒಲಿ ಹಾಕಾಕ.’

‘ಅದಾದ ಮ್ಯಾಲೆ ಹಾಕೋದು ಅಂತಿದ್ದೆಲ್ಲ.’

‘ಆಗೀವಿ. ಹೋಗು.’

ನಾನು ಓಡಿದೆ. ಶಾಲೆಯ ಎರಡನೇ ಗಂಟೆ ಬಾರಿಸಿದ್ದು ಕೇಳಿತು, ಅತ್ತ ತಿರುಗಲಿಲ್ಲ. ಮೂರು ಬುಟ್ಟಿ ಮಣ್ಣು ಹೊತ್ತು ತಂದೆ. ಅವ್ವ ಅದಕ್ಕೆ ಭತ್ತದ ಹೊಟ್ಟು, ಸೆಗಣಿ ಬೆರೆಸಿದಳು, ನಾನು ಲಂಗ ಎತ್ತಿಕಟ್ಟಿ ತುಳಿದೆ. ಅವ್ವನ ಕೈ ಎಂದೂ ಇಷ್ಟು ಅವಸರ ಮಾಡಿದ್ದನ್ನು ನಾನು ನೋಡಿರಲಿಲ್ಲ. ಮೂರು ಕಲ್ಲು ಸರಿಯಾಗಿ ನಿಲ್ಲಿಸಿ, ಅವುಗಳ ಸುತ್ತ ಮಣ್ಣು ಮೆತ್ತಿ, ಮೇಲೆ ಮೆತ್ತಿ, ನೀರುಗೈಯಿಂದ ನುಣ್ಣಗೆ ಸವರಿದಳು. ಕಲ್ಲು ಒಳಗೆ ಹೋದವಲ್ಲ, ಮತ್ತೆ ಹೇಗೆ ತೆಗೆಯುತ್ತೀ ಎಂದು ನಾನು ಕೇಳಿದೆ. ಅವ್ವ ಕಟ್ಟಿಗೆ ಹಾಕುವ ಬಾಯಿಯನ್ನು ಇನ್ನಷ್ಟು ಅಗಲ ಮಾಡಿದಳು.

ಅಜ್ಜಿ ಮಠದಿಂದ ಬಂದಾಗ ನಾವಿಬ್ಬರೂ ಮೊಣಕೈ, ಮೊಣಕಾಲ ತನಕ ಮಣ್ಣಾಗಿ ಕೂತಿದ್ದೆವು. ಅಜ್ಜಿ ಮೊದಲು ನುಚ್ಚಿನ ಚೀಲ ನೋಡಿದಳು, ಆಮೇಲೆ ಒಲೆ ನೋಡಿದಳು, ಆಮೇಲೆ ನನ್ನನ್ನು. ಒಲೆ ಹಾಕಿದರಷ್ಟೇ ಸಾಲದು, ಮನೆಯ ಹಿರಿಯಳು ವಿಭೂತಿ ಹಚ್ಚಬೇಕು. ಹಚ್ಚದಿದ್ದರೆ ಅದು ಬರೀ ಮಣ್ಣಿನ ಗುಡ್ಡೆ, ಅಪ್ಪ ಒದ್ದರೆ ಮುಗಿಯಿತು. ಮತ್ತು ಈ ಹಿರಿಯಳಿಗೆ ಕಲ್ಮಲದ ಹುಡುಗನನ್ನು ಕಾಯಿಸಿ ಇಟ್ಟುಕೊಂಡಿರುವ ಅವಸರ. ಯಾರು ಹಾಕಲು ಹೇಳಿದರು ಎಂದು ಅವಳು ಕೇಳಿದಳು. ಯಾರೂ ಹೇಳಲಿಲ್ಲ ಅತ್ತೀ ಎಂದಳು ಅವ್ವ, ತಲೆ ಎತ್ತದೆ. ಅಜ್ಜಿ ಗೋಡೆಗೆ ಒರಗಿ ಕಾಲು ಚಾಚಿ ಕೂತುಬಿಟ್ಟಳು. ಪಾದಗಳನ್ನು ತಾನೇ ಒತ್ತಿಕೊಂಡಳು. ಲಾರಿಯಲ್ಲಿ ಸಾಮಾನಿನ ಮೇಲೆ ದೇವರ ಮರವನ್ನು ತೊಡೆಯ ಮೇಲಿಟ್ಟುಕೊಂಡು ಕೂರುವವಳು ಅವಳೇ ಎಂಬುದು ನನಗೆ ಆವಾಗ ಮೊದಲ ಸಲ ಹೊಳೆಯಿತು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಜಗಲಿಯಿಂದ ವಿಭೂತಿಗಟ್ಟಿ ತಂದು, ನೀರಲ್ಲಿ ತೇದು, ಹಸಿ ಒಲೆಯ ಹಣೆಗೆ ಮೂರು ಬೆರಳು ಎಳೆದಳು.

‘ಹಸಿ ಅದ. ಇವತ್ತ ಬೆಂಕಿ ಹಚ್ಚಬ್ಯಾಡ’ ಎಂದಳು.

ಅಪ್ಪ ಬಂದಾಗ ಇನ್ನೂ ಬೆಳಕಿತ್ತು. ಬಾಗಿಲಲ್ಲೇ ನಿಂತ. ಅವನಿಗೆ ತಿಳಿಯಲು ಒಂದು ಗಳಿಗೆ ಸಾಕಾಯಿತು. ಹಿತ್ತಲಿಗೆ ಹೋಗಿ ಗುದ್ದಲಿ ತಂದ. ಅಜ್ಜಿ ಕೂತಲ್ಲಿಂದಲೇ ಹೇಳಿದಳು.

‘ಇಬತ್ತಿ ಹಚ್ಚೀನಿ. ಈಗ ಕೆಡವತೀಯೇನು? ಕೆಡವು.’

ಅಪ್ಪನ ಕೈಯಲ್ಲಿ ಗುದ್ದಲಿ ಇತ್ತು, ಆದರೆ ಮೇಲೇಳಲಿಲ್ಲ. ಅವ್ವನ ಕಡೆ ತಿರುಗಿ, ಇದೆಲ್ಲ ನಿನ್ನ ಆಟ ಎಂದ. ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು.

‘ಹುಡುಗಿ ಪರೀಕ್ಷಾ ಬರೀಲಿ. ಆಮ್ಯಾಲೆ ಎಲ್ಲಿ ಅಂತೀರಿ ಅಲ್ಲಿ ಬರ್ತೀನಿ.’

ಅಪ್ಪ ಅವತ್ತು ಉಣ್ಣಲಿಲ್ಲ. ಲಾರಿ ಬರಲಿಲ್ಲ. ರಾಯಚೂರಿನ ಮಿಲ್ಲಿನವರು ಎರಡು ತಿಂಗಳು ಯಾಕೆ ಕಾಯುತ್ತಾರೆ? ಬೇರೆಯವನನ್ನು ಇಟ್ಟುಕೊಂಡರು. ಮಾನ್ವಿಯ ಸಾಹುಕಾರನ ಬಾಗಿಲಿಗೆ ಅಪ್ಪ ಮತ್ತೆ ಹೋಗುವ ಪೈಕಿಯವನಲ್ಲ. ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲಿಗೆ ನಿಂತ. ಸಪ್ಪಳದಲ್ಲೇ ಸಂದು ಹೇಳುವ ಆಪರೇಟರ್ ತಲೆಗೆ ಗೋಣಿತಾಟು ಕಟ್ಟಿಕೊಂಡು ಲಾರಿಗೆ ಭತ್ತ ಹತ್ತಿಸುವುದನ್ನು ಶಾಲೆಗೆ ಹೋಗುವಾಗ ಒಂದು ದಿನ ನೋಡಿದೆ. ಅಪ್ಪನೂ ನೋಡಿದ. ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿ ಮುಖ ಮರೆಮಾಡಿಕೊಂಡ. ಮರುದಿನದಿಂದ ನಾನು ಸುತ್ತು ದಾರಿಯಲ್ಲಿ ಹೋದೆ. ನನಗೆ ನಾಚಿಕೆಯಾಗಿತ್ತು, ಅವನ ಕೆಲಸಕ್ಕಲ್ಲ, ಅವನ ಹೆಗಲಿಗೆ ಆ ಚೀಲ ಏರಿಸಿದವಳು ನಾನು ಎಂಬುದಕ್ಕೆ. ಹಾಗಂತ ಪರೀಕ್ಷೆ ಬೇಡವೆಂದು ಒಂದು ಸಲವೂ ಅನ್ನಿಸಲಿಲ್ಲ. ಎರಡನ್ನೂ ಹೇಳಿಬಿಡುವುದು ಒಳ್ಳೆಯದು.

ಓದಿದೆನೇ? ಓದಿದ್ದಕ್ಕಿಂತ ಎದ್ದು ನೋಡಿದ್ದೇ ಹೆಚ್ಚು. ಯಾವ ಸೈಕಲ್ಲು ಬೀದಿಯಲ್ಲಿ ಸದ್ದು ಮಾಡಿದರೂ ಪುಸ್ತಕ ಮುಚ್ಚಿ ಬಾಗಿಲಿಗೆ ಹೋಗುತ್ತಿದ್ದೆ. ಒಲೆ ಒಣಗಿತು, ಅದರಲ್ಲಿ ಹಾಲು ಉಕ್ಕಿತು, ಅಡಿಗೆ ನಡೆಯಿತು. ಆದರೂ ದಿನಕ್ಕೊಮ್ಮೆ ಅದನ್ನು ಕೈಯಿಂದ ಒತ್ತಿ ನೋಡುವುದು ಬಿಡಲಿಲ್ಲ. ಒಂದು ಬದಿಗೆ ಸಣ್ಣ ಬಿರುಕು ಕಂಡಿತೆಂದು ಅಳುತ್ತ ಅವ್ವನನ್ನು ಕರೆದೆ. ಅವಳು ಸೆಗಣಿ ಬೆರಳಿನಿಂದ ಬಿರುಕು ಮುಚ್ಚಿ, ಒಲಿ ಅಂದ್ರ ಬಿರಿತದ, ಹೋಗಿ ಓದಿಕೊ ಎಂದು ಬೈದಳು. ಅಪ್ಪ ನಮ್ಮಿಬ್ಬರೊಡನೆ ಮಾತು ಬಿಟ್ಟಿದ್ದ. ಆ ಒಲೆಯ ರೊಟ್ಟಿಯನ್ನು ಮಾತ್ರ ಬೇಡವೆನ್ನದೆ ತಿನ್ನುತ್ತಿದ್ದ.

ಪರೀಕ್ಷೆ ಬರೆದೆ. ಯುಗಾದಿ ಬಂತು. ಅಜ್ಜಿ ಎಲ್ಲರಿಗೂ ಬೇವು ಕೊಟ್ಟು, ಕೊನೆಗೆ ಒಂದು ಚಿಟಿಕೆಯನ್ನು ಒಲೆಯ ಬಾಯಿಗೆ ಹಾಕಿದಳು. ಅಷ್ಟರಲ್ಲಿ ಅಪ್ಪನಿಗೆ ರಾಯಚೂರಿನ ಬೇರೊಂದು ಮಿಲ್ಲಿನಿಂದ ಕರೆ ಬಂದಿತ್ತು. ಕೊಟ್ಟ ಮಾತಿನಂತೆ ಅವ್ವ ಒಂದು ಮಾತೂ ಎತ್ತದೆ ಸಾಮಾನು ಕಟ್ಟಿದಳು. ಒಲೆಯ ಬೂದಿ ತೆಗೆದು, ಸಾರಿಸಿ, ಕುಂಕುಮ ಇಟ್ಟು, ಹಳೆಯ ಕಸಬರಿಗೆಯನ್ನು ಮೂಲೆಯಲ್ಲೇ ಬಿಟ್ಟಳು. ಲಾರಿ ಕಲ್ಮಲ ದಾಟುವಾಗ ಅಜ್ಜಿ ತವರೂರಿನ ಕಡೆ ನೋಡಿ ಸೆರಗು ಸರಿಮಾಡಿಕೊಂಡಳು. ಹುಡುಗನ ಮಾತು ತೆಗೆಯಲಿಲ್ಲ.

ರಾಯಚೂರಿನ ಮನೆ ಕಾಳುಕಡಿ ಮಾರುವ ಗಂಜಿನ ಹಿಂದಿನ ಓಣಿಯಲ್ಲಿತ್ತು. ಮೊದಲು ಉಪ್ಪು, ಅರಿಸಿನ ಒಳಗೆ ಹೋದವು, ಅಜ್ಜಿ ದೇವರನ್ನು ಜಗಲಿಗೆ ಏರಿಸಿದಳು. ಇನ್ನು ಹಾಲು ಉಕ್ಕಿಸಬೇಕು. ಅಪ್ಪ ತಾನೇ ಸಾಮಾನಿನ ನಡುವೆ ಕಲ್ಲಿನ ಚೀಲ ಹುಡುಕತೊಡಗಿದ. ಎರಡು ಸಲ ಎಲ್ಲವನ್ನೂ ಎತ್ತಿಟ್ಟ. ಎರಡು ತಿಂಗಳ ಮೇಲೆ ಅವ್ವನೊಡನೆ ಅವನು ಆಡಿದ ಮೊದಲ ಮಾತು ಅದೇ.

‘ಕಲ್ಲೆಲ್ಲಿ ಇಟ್ಟಿ?’

‘ಮಾನ್ವ್ಯಾಗ.’

‘ಮರತೇನು?’

‘ಇಲ್ರಿ. ಅವು ಅಲ್ಲೇ ಸೆಟಲ್ ಆದ್ವು. ನಾವ ಇನ್ನಾ ಆಗಿಲ್ಲ.’

ಅವ್ವನ ಬಾಯಲ್ಲಿ ಆ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು. ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು, ದನಿಯಲ್ಲಿ ಸಿಟ್ಟಿರಲಿಲ್ಲ. ಅಪ್ಪ ಬಾಗಿಲಿಗೆ ಹೋಗಿ ಒಂದು ಖಾಲಿ ನುಚ್ಚಿನ ಚೀಲವನ್ನು ಜಾಡಿಸಿ, ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೊರಟ. ಇವತ್ತೂ ಹೊರಟನಲ್ಲ ಎಂದು ನಾನು ಹಲ್ಲು ಕಚ್ಚಿದೆ. ಹಿಂದಿರುಗಿ ಬಂದಾಗ ಚೀಲದ ತುಂಬ ಅಂಟುಮಣ್ಣಿತ್ತು. ಅಂಗಿ ಬಿಚ್ಚಿ ಮೊಳೆಗೆ ಹಾಕಲು ಹೋದ, ಗೋಡೆಯಲ್ಲಿ ಮೊಳೆ ಇರಲಿಲ್ಲ, ನನ್ನ ಕೈಗೆ ಕೊಟ್ಟ. ಮಣ್ಣು ಸುರಿದು, ನೀರು ಹಾಕಿ, ಕೂತು, ಹೊಟ್ಟು ಎಷ್ಟು ಹಾಕಬೇಕು ಎಂದು ಅವ್ವನನ್ನು ಕೇಳಿದ. ತನ್ನ ಕೆಲಸದಲ್ಲಿ ಯಾರನ್ನೂ ಏನನ್ನೂ ಕೇಳದವನು.

ಅಪ್ಪ ಬದಲಾದ ಎಂದು ಬರೆದರೆ ಸುಳ್ಳಾಗುತ್ತದೆ. ಆಮೇಲೂ ಎರಡು ಮಿಲ್ಲು ಬಿಟ್ಟ, ಎರಡು ಚೀಲ ನುಚ್ಚು ತಂದ. ಆದರೆ ಅಜ್ಜಿ ದೇವರಿಗೆ ಕಂಬಳಿ ಮುಚ್ಚಲಿಲ್ಲ, ಆ ಓಣಿಯ ಮನೆಯಲ್ಲೇ ನುಚ್ಚು ಉಂಡೆವು. ನಾನೇ ಇನ್ನೂ ಸುಮ್ಮನೆ ಕೂರಲಾರೆ. ನನ್ನ ಸ್ವಂತ ಮನೆಯಲ್ಲಿ ತಿಂಗಳಿಗೊಮ್ಮೆ ಮಂಚದ ದಿಕ್ಕು ಬದಲಿಸುತ್ತೇನೆ, ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕು. ನನ್ನ ಬಳಿ ಇರುವ ಅವ್ವ ಇದನ್ನೆಲ್ಲ ನೋಡಿ, ನೀ ನಿಮ್ಮಪ್ಪನ ಮಗಳೇ ಬಿಡು ಎನ್ನುತ್ತಾಳೆ.

ರಿಸಲ್ಟ್ ಬರುವ ದಿನ ಅಪ್ಪ ಮಿಲ್ಲಿಗೆ ರಜೆ ಹಾಕಿ, ನಸುಕಿನ ಬಸ್ಸಿಗೆ ಒಬ್ಬನೇ ಮಾನ್ವಿಗೆ ಹೋದ. ನಾನು ಹೊಸಿಲಿನಲ್ಲಿ ಕೂತೆ, ಎದ್ದೆ, ಓಣಿಯ ಬಾಯಿಗೆ ಹೋಗಿ ಬಂದೆ, ಮತ್ತೆ ಕೂತೆ. ಮಧ್ಯಾಹ್ನ ದಾಟಿದ ಮೇಲೆ ಅವನು ಬಂದ. ಒಳಜೇಬಿನಿಂದ ಮಡಚಿದ ಒಂದು ಕಾಗದ ತೆಗೆದು ನನ್ನ ಕೈಯಲ್ಲಿಟ್ಟ. ಟಿ.ಸಿ. ಈ ಸಲ ಅವನು ಅದನ್ನು ‘ಆಮೇಲೆ’ಗೆ ಬಿಟ್ಟಿರಲಿಲ್ಲ. ಉತ್ತೀರ್ಣ ಎಂಬ ಶಬ್ದವನ್ನು ನಾನು ಓದಿದೆ, ಇನ್ನೊಮ್ಮೆ ಓದಿದೆ. ಅಪ್ಪ ನನ್ನ ತಲೆ ಸವರಿ, ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತ. ಅವ್ವ ರೊಟ್ಟಿ ತಟ್ಟುತ್ತಿದ್ದಳು.

‘ಆ ಮನಿಗಿ ಹೋಗಿದ್ನೆಲೇ. ಯಾರೋ ಹೊಸಬರು ಬಂದಾರ. ಒಲಿ ಉರಿಯಾಕತ್ತದ’ ಎಂದ.